ಲಿಂಗ ಬ್ಯಾಗಿನಲ್ಲಿಟ್ಟು ವಿಮಾನ ಹತ್ತಿದ್ದು

ನಾನು ವಿಮಾನದಲ್ಲಿ ಕೂತದ್ದು ಒಂದೇ ಸಲ. ಕಲಬುರಗಿಯಿಂದ ಬೆಂಗಳೂರಿಗೆ, ತೊಡೆಯ ಮೇಲೆ ಐದು ತಿಂಗಳ ಹೆಣ್ಣುಕೂಸು, ಜೊತೆಗೆ ಯಾರೂ ಇಲ್ಲ. ವಾಡಿಯಲ್ಲಿ ನಮ್ಮ ಕ್ವಾರ್ಟರ್ಸಿನ ಹೆಂಗಸರು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ, "ಮ್ಯಾಲಿಂದ ನಮ್ಮೂರು ಹ್ಯಾಂಗ ಕಾಣ್ತದವ್ವ?" ಅಂತ. ಏನೋ ಒಂದು ಹೇಳಿ ಸುಮ್ಮನಾಗುತ್ತೇನೆ. ಖರೇ ಹೇಳಬೇಕೆಂದರೆ ನಾನು ಕಿಟಕಿಯ ಕಡೆ ನೋಡಲೇ ಇಲ್ಲ. ಆ ಒಂದೂಕಾಲು ತಾಸು ನಾನು ನೋಡಿದ್ದು ಕೂಸಿನ ಎದೆ ಏಳುವುದು, ಇಳಿಯುವುದು. ಅದು ಬಿಟ್ಟರೆ ನನ್ನ ಕಾಲ ಕೆಳಗಿನ ನೆಲ.

ಕೂಸಿನ ಹೃದಯದಲ್ಲಿ ತೂತಿತ್ತು. ಹಾಲು ಕುಡಿಯಲು ಹಚ್ಚಿದರೆ ನಾಲ್ಕು ಗುಟುಕಿಗೆ ದಣಿಯುತ್ತಿತ್ತು, ಹಣೆಯ ಮೇಲೆ ಬೆವರು ಒಡೆಯುತ್ತಿತ್ತು. ಬಿಟ್ಟು ಉಸಿರು ತೆಗೆದುಕೊಂಡು ಮತ್ತೆ ನಾಲ್ಕು ಗುಟುಕು. ಹಾಗಾಗಿ ಮೈ ಹತ್ತಲೇ ಇಲ್ಲ. ಕಲಬುರಗಿಯ ಡಾಕ್ಟರು ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಮೂರು ಕೇಜಿ ಒಂಬೈನೂರು ಗ್ರಾಂ ಇತ್ತು. "ನಾಲ್ಕು ಆಗಬೇಕಮ್ಮ. ಅಷ್ಟಾದರೇ ಬೆಂಗಳೂರಿನವರು ಆಪರೇಷನ್ನಿಗೆ ಕೈ ಹಚ್ಚುತ್ತಾರೆ. ಅಳಿಸಬೇಡಿ, ಹಾಲು ಕಡಿಮೆ ಮಾಡಬೇಡಿ" ಎಂದರು. ಬಿರುಬೇಸಿಗೆ ಅದು. ರೈಲಿನ ಆ ಧಗೆ ಈ ಕೂಸಿಗೆ ಆಗದು, ವಿಮಾನದಲ್ಲಿ ಕರೆದುಕೊಂಡು ಹೋಗಬಹುದು ಅಂತ ಚೀಟಿಯನ್ನೂ ಬರೆದು ಕೊಟ್ಟರು.

ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕಡೆ ಕೆಲಸ ಮಾಡುತ್ತಾರೆ. ಇಬ್ಬರೂ ವಿಮಾನದಲ್ಲಿ ಹೋಗುವುದು ನಮ್ಮಿಂದಾಗುವ ಮಾತಲ್ಲ. ಅವರು ಒಂದು ದಿನ ಮೊದಲು ವಾಡಿಯಲ್ಲಿ ರೈಲು ಹತ್ತಿದರು. ದವಾಖಾನೆ ಹತ್ತಿರ ಖೋಲಿ ಹಿಡಿಯಬೇಕು, ರಕ್ತ ಕೊಡುವವರನ್ನು ಹುಡುಕಬೇಕು. ನಾನು ಮರುದಿನ ಕೂಸಿನ ಜೊತೆ ಹೊರಡುವುದು ಅಂತಾಯಿತು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಕೂಸು ಹುಟ್ಟಿದ ಮೇಲೆ ಅಯ್ಯನವರು ಬಂದು ಅದಕ್ಕೂ ಲಿಂಗ ಕಟ್ಟಿದ್ದರು. ಎಳೆಕೂಸಿನ ಕೊರಳಿಗೆ ದಾರ ಇರಬಾರದು ಅಂತ, ಅದು ದೊಡ್ಡದಾಗುವ ತನಕ ಅದರ ಲಿಂಗವನ್ನು ತಾಯಿಯೇ ಧರಿಸುತ್ತಾಳೆ. ಹೀಗೆ ನನ್ನ ಕೊರಳಲ್ಲಿ ಎರಡಿದ್ದವು, ನನ್ನದೊಂದು, ಕೂಸಿನದೊಂದು. ಮುಂಜಾನೆ ಜಳಕ ಮಾಡಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುವ ತನಕ ನೀರು ಕೂಡ ಮುಟ್ಟುವುದಿಲ್ಲ. ಸಂಜೆಯೂ ಹಾಗೆಯೇ. ನಮ್ಮ ಅತ್ತೆಯವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ದಿನವೂ ಇದನ್ನು ತಪ್ಪಿಸಿದವರಲ್ಲ. ಸಕ್ಕರೆ ಕಾಯಿಲೆ ಹತ್ತಿದ ಮೇಲೂ ಪೂಜೆ ಮುಗಿಸಿಯೇ ಗುಳಿಗೆ, ರೊಟ್ಟಿ.

ಹೊರಡುವ ಹಿಂದಿನ ದಿನ ಎದುರು ಮನೆಯ ಅಕ್ಕ ಬಂದಳು. ಅವಳು ಮಗಳ ಬಾಣಂತನಕ್ಕೆ ಅಂತ ಒಮ್ಮೆ ವಿಮಾನ ಹತ್ತಿದವಳು, ನಮ್ಮ ಸಾಲಿನಲ್ಲಿ ಅದರ ಬಗ್ಗೆ ಅವಳ ಮಾತೇ ಮಾತು.

"ಚೆಕಿಂಗ್ ಮಾಡ್ತಾರ. ಮೈಮ್ಯಾಲೆ ಏನೇನದ ಎಲ್ಲಾ ಬಿಚ್ಚಿಸ್ತಾರ. ಒಂದು ಪ್ಲಾಸ್ಟಿಕ್ ಬುಟ್ಟಿ ಕೊಡ್ತಾರ, ಅದರಾಗ ಇಡಬೇಕು. ನನ್ನ ಮುಂದಿನಾವ ಆ ಬುಟ್ಟಿದಾಗ ಬೂಟು ಇಟ್ಟ, ಚರ್ಮದ ಬೆಲ್ಟು ಇಟ್ಟ. ಅದೇ ಬುಟ್ಟಿ ತಿರುಗಿ ನನಗ ಬಂತು ನೋಡು."

"ಲಿಂಗಾನೂ ಬಿಚ್ಚಿಸ್ತಾರ?" ಎಂದೆ.

"ಬೆಳ್ಳಿ ಕರಡಿಗಿ ಅದ ಅಲ್ಲ? ಮಶೀನು ಕೂಗ್ತದ. ಬಿಚ್ಚಿಸಲಾರದೆ ಬಿಡ್ತಾರ?"

ಕರಡಿಗೆ ಎಂದರೆ ಲಿಂಗವನ್ನು ಇಟ್ಟುಕೊಳ್ಳುವ ಸಣ್ಣ ಬೆಳ್ಳಿಯ ಡಬ್ಬಿ. ಯಾರದೋ ಬೂಟು ಇಟ್ಟ ಬುಟ್ಟಿಯಲ್ಲಿ ನನ್ನ ಕೂಸಿನ ಲಿಂಗ! ಅತ್ತೆಯವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಹೊರಡುವುದೇ ಬೇಡ ಅಂದುಬಿಟ್ಟಾರು ಅಂತ ಹೆದರಿಕೆ. ಮರುದಿನ ಮುಂಜಾನೆ ಪೂಜೆ ಮಾಡಿ, ರೊಟ್ಟಿ ತಿಂದು, ಎರಡೂ ಕರಡಿಗೆಗಳನ್ನು ಕೊರಳಿಂದ ತೆಗೆದೆ. ಬಿಳಿ ವಸ್ತ್ರದಲ್ಲಿ ಸುತ್ತಿ, ವಿಭೂತಿಯ ಜೊತೆ ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ದೊಡ್ಡ ನೀಲಿ ಬ್ಯಾಗಿನಲ್ಲಿ ಕೂಸಿನ ಒಗೆದ ಬಟ್ಟೆಗಳ ನಟ್ಟನಡುವೆ ಇಟ್ಟೆ. ಭಾಳ ಶಾಣ್ಯಾತನ ಮಾಡಿದೆ ಅಂತ ಆಗ ಅನಿಸಿತ್ತು.

ಎದುರು ಮನೆಯ ಅಣ್ಣ ತನ್ನ ಗಾಡಿಯಲ್ಲಿ ಬಿಡಲು ಬಂದ. ಅತ್ತೆಯವರೂ ಕೂತರು. ಶಹಾಬಾದ ದಾಟುವಾಗ ರಸ್ತೆ ಬದಿಯ ಫರಸಿ ಕಲ್ಲಿನ ರಾಶಿಗಳಿಂದ ಧೂಳು ಏಳುತ್ತಿತ್ತು. ಅತ್ತೆಯವರು ತಮ್ಮ ಸೆರಗನ್ನು ಕೂಸಿನ ಮುಖಕ್ಕೆ ಮರೆ ಹಿಡಿದು, ದಾರಿಯುದ್ದಕ್ಕೂ ಕೈ ಇಳಿಸಲಿಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಕೂಸಿನ ಹಣೆಗೆ ವಿಭೂತಿ ಹಚ್ಚಿದರು.

"ಅಳಿಸಬ್ಯಾಡ. ಹೊಟ್ಟಿ ತುಂಬ ಉಣ್ಣು. ನೀ ಉಂಡ್ರ ಅದು ಉಂಡಂಗ" ಎಂದರು. ಕೂಸಿನ ಲಿಂಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವರ ರೂಢಿ. ನನ್ನ ಕೊರಳ ಕಡೆ ಕೈ ಚಾಚಿದರು. ನಾನು ಸೆರಗು ಎಳೆದುಕೊಂಡೆ.

"ಹೊತ್ತಾತ್ರಿ, ಬರ್ತೀನಿ" ಎಂದೆ.

ಚಾಚಿದ ಕೈಯನ್ನು ಅವರು ಹಾಗೇ ನನ್ನ ತಲೆಯ ಮೇಲೆ ಇಟ್ಟರು.

ನೀಲಿ ಬ್ಯಾಗನ್ನು ತೂಕ ಮಾಡಿ, ಚೀಟಿ ಕಟ್ಟಿ, ಓಡುವ ಪಟ್ಟಿಯ ಮೇಲೆ ಹಾಕಿದರು. ರಬ್ಬರಿನ ಪರದೆಯ ಆಚೆ ಅದು ಹೋಯಿತು. ಆಮೇಲೆ ಚೆಕಿಂಗ್. ನನ್ನ ಮುಂದೆ ಅರವತ್ತು ದಾಟಿದ ಹಿರಿಯಾಕೆ ಒಬ್ಬರು ನಿಂತಿದ್ದರು. ಎದೆಯ ಮೇಲೆ ಎದ್ದು ಕಾಣುವಂತೆ ಬೆಳ್ಳಿಯ ಕರಡಿಗೆ. ಮಶೀನು ಖರೇನೇ ಕೂಗಿತು. ಪೊಲೀಸ್ ಹೆಣ್ಣುಮಗಳು ಅದನ್ನು ನೋಡಿ, "ಲಿಂಗ ಏನ್ರಿ ಅಮ್ಮ? ಇರಲಿ, ನಡೀರಿ" ಎಂದಳು.

ಅಷ್ಟೇ. ಅಷ್ಟಕ್ಕೇ ಮುಗಿಯಿತು.

ನಾನು ಅಲ್ಲೇ ನಿಂತುಬಿಟ್ಟೆ. ಬ್ಯಾಗು ಹೋಗಿ ಆಗಿತ್ತು. ಅಲ್ಲಿದ್ದ ಒಬ್ಬರನ್ನು ಕೇಳಿದರೆ, "ಅದು ಇನ್ನ ಬೆಂಗಳೂರಾಗೇ ಸಿಗ್ತದ್ರಿ" ಎಂದರು.

ರೆಕ್ಕೆಗೆ ಪಂಖ ಇದ್ದ ಸಣ್ಣ ವಿಮಾನ ಅದು. ಶಿವನ ದಯ, ಪಕ್ಕದಲ್ಲಿ ಬಂದು ಕೂತವರು ಅದೇ ಹಿರಿಯಾಕೆ. ಸೇಡಂ ಕಡೆಯವರಂತೆ, ತಂಗಿಯ ಮನೆಗೆ ಹೊರಟಿದ್ದರು.

"ಎಷ್ಟು ತಿಂಗಳವ್ವ ಕೂಸಿಗೆ?"

"ಐದ್ರಿ."

"ಎರಡು ತಿಂಗಳಂಗ ಕಾಣ್ತದಲ್ಲ! ಹಾಲು ಕುಡಸ್ತಿಯೋ ಇಲ್ಲೋ?"

ಕೂಸಿನ ಹೃದಯದ ತೂತಿನ ವಿಷಯ ಹೇಳಿದೆ. ಅವರು ನಾಲಗೆ ಕಚ್ಚಿಕೊಂಡರು. ವಿಮಾನದ ಹುಡುಗಿ ಬಂದು ನನ್ನ ಪಟ್ಟಿಗೆ ಇನ್ನೊಂದು ಸಣ್ಣ ಪಟ್ಟಿ ಸಿಕ್ಕಿಸಿ ಕೂಸನ್ನು ಕಟ್ಟಿಕೊಟ್ಟಳು. ಏರುವಾಗ ಕಿವಿ ನೋಯುತ್ತದೆ, ಹಾಲು ಕುಡಿಸಿರಿ ಎಂದಳು. ಕೂಸು ನಾಲ್ಕು ಗುಟುಕು ಕುಡಿಯಿತು, ಬಿಟ್ಟಿತು, ಬೆವೆತಿತು. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಹೋಗುವುದು ಕಾಣುತ್ತಿತ್ತು. ಆದರೆ ಅಳಲಿಲ್ಲ. ಅಳದಿದ್ದದ್ದೇ ಅವತ್ತಿನ ದೊಡ್ಡ ಉಪಕಾರ.

ವಿಮಾನ ಮೇಲೆ ಹೋಗಿ ನೆಟ್ಟಗಾದ ಮೇಲೆ ಹಿರಿಯಾಕೆ ನನ್ನ ಕೊರಳು ನೋಡಿದರು. ನನ್ನ ಹಣೆಯಲ್ಲಿ ವಿಭೂತಿ ಇತ್ತಲ್ಲ.

"ನೀನೂ ನಮ್ಮಾಕೀನೇ ಇದ್ದಂಗದಿ. ಲಿಂಗ ಎಲ್ಲವ್ವ?"

ಎಲ್ಲಾ ಹೇಳಿಬಿಟ್ಟೆ. ಬುಟ್ಟಿ, ಬೂಟು, ಡಬ್ಬಿ, ಬ್ಯಾಗು.

ಅವರು ತಮ್ಮ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ದೊಡ್ಡ ಬ್ಯಾಗು ಎಲ್ಲಿ ಇಡ್ತಾರ ಗೊತ್ತದ ಏನು?"

"ಎಲ್ರಿ?"

ಅವರು ಬಾಯಿಂದ ಹೇಳಲಿಲ್ಲ. ಕಣ್ಣಿನಿಂದ ಕೆಳಗೆ ತೋರಿಸಿದರು. ಎಲ್ಲರ ಕಾಲ ಕೆಳಗೆ.

ಆ ವಿಮಾನದಲ್ಲಿ ಬ್ಯಾಗು ಇಡುವ ಜಾಗ ಹಿಂದಿತ್ತೋ ಕೆಳಗಿತ್ತೋ, ಅವರಿಗೂ ಗೊತ್ತಿರಲಿಕ್ಕಿಲ್ಲ, ನನಗಂತೂ ಈವರೆಗೂ ಗೊತ್ತಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಪಾದ ಸುಟ್ಟಂತಾಯಿತು. ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡೆ. ಪಟ್ಟಿ ಬಿಗಿಯಿತು, ಕೂಸು ಮುಲುಗಿತು. ಹುಡುಗಿ ಬಂದು, "ಕಾಲು ಕೆಳಗೆ ಬಿಡಿ ಮೇಡಂ" ಎಂದಳು. ಬಿಟ್ಟೆ. ಅವಳು ಹೋದಳು, ಮತ್ತೆ ಮಡಚಿದೆ. ಮತ್ತೆ ಬಂದಳು.

"ಇರಲಿ ಬಿಡವ್ವ ತಂಗಿ, ಆಕಿ ಕಾಲು ನೋಯ್ಲಿಕತ್ತಾವ" ಎಂದು ಹಿರಿಯಾಕೆ ಸುಳ್ಳು ಹೇಳಿದರು. ಆಮೇಲೆ ನನ್ನ ಕಡೆ ಬಾಗಿ, "ಹಿಂಗ ಕುಂತ್ರ ಎಲ್ಲರ ಕಾಲೂ ಎತ್ತಿಸ್ತಿ ಏನು? ಬಿಡು. ಇಳದ ಕೂಡಲೆ ತೊಗೊಂಡು ಹಾಕ್ಕೊ, ತಪ್ಪಾತಪ್ಪಾ ಅನ್ನು" ಎಂದರು. ಇಳಿಯುವಾಗ ಮಾತ್ರ ಹುಡುಗಿ ಬಿಡಲಿಲ್ಲ. ತುದಿಬೆರಳ ಮೇಲೆ ಕಾಲು ಊರಿಕೊಂಡು ಕೂತೆ.

ಬೆಂಗಳೂರಿನಲ್ಲಿ ಬ್ಯಾಗು ಬರಲಿಲ್ಲ.

ಪಟ್ಟಿ ತಿರುಗಿತು, ಒಬ್ಬೊಬ್ಬರಾಗಿ ಎತ್ತಿಕೊಂಡು ಹೋದರು, ಪಟ್ಟಿ ನಿಂತಿತು. ನಮ್ಮ ಹಾಗೆ ಇನ್ನೂ ಮೂರು ನಾಲ್ಕು ಮಂದಿ ಉಳಿದಿದ್ದರು. ಬಿಸಿಲು ಜಾಸ್ತಿ, ಸಣ್ಣ ವಿಮಾನ, ತೂಕ ಹೆಚ್ಚಾಗಿ ಕೆಲವು ಬ್ಯಾಗು ಕಲಬುರಗಿಯಲ್ಲೇ ಇಳಿಸಿದ್ದಾರಂತೆ. ಮುಂದಿನ ವಿಮಾನ ನಾಳೆ ಬಿಟ್ಟು ನಾಡಿದ್ದು. ಮೇಜಿನ ಹಿಂದೆ ಕೂತವನು ಫಾರಂ ತುಂಬುತ್ತಾ, "ಬ್ಯಾಗಲ್ಲಿ ಬೆಲೆಬಾಳೋದು ಏನಾದ್ರೂ ಇತ್ತಾ ಮೇಡಂ?" ಎಂದು ಕೇಳಿದ.

ಏನು ಹೇಳಲಿ? "ಕೂಸಿನ ಬಟ್ಟಿ" ಎಂದೆ.

ನಾನು ಸಹಿ ಹಾಕುವ ತನಕ ಹಿರಿಯಾಕೆ ಕೂಸನ್ನು ಎತ್ತಿಕೊಂಡಿದ್ದರು. ತಿರುಗಿ ಕೊಡುವಾಗ ತಮ್ಮ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ಇದು ಕೊಡುವಂಥದ್ದಿದ್ರ ಕೊಟ್ಟೇ ಬಿಡ್ತಿದ್ದೆ ಯವ್ವಾ" ಎಂದರು. ಲಿಂಗವನ್ನು ಯಾರೂ ಯಾರಿಗೂ ಕೈಗಡ ಕೊಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಷ್ಟಾದರೂ ಅವರು ಅಂದರಲ್ಲ, ಅದನ್ನು ನಾನು ಮರೆತಿಲ್ಲ.

ಹೊರಗೆ ನಮ್ಮ ಮನೆಯವರು ಕಾಯುತ್ತಿದ್ದರು. ದವಾಖಾನೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದರು. ಸಂಜೆ ಅನ್ನ, ಸಾರು ತಂದು ಇಟ್ಟರು.

"ಪೂಜಿ ಇಲ್ಲದ ಹ್ಯಾಂಗ ಉಣ್ಣಲ್ರಿ?"

"ಕಣ್ಣು ಮುಚ್ಚಿ ಶಿವಾ ಅನ್ನು, ಸಾಕು."

"ನಿಮ್ಮ ಅವ್ವನ ಮುಂದ ಹಿಂಗ ಅಂತೀರೇನು?"

ಅವರು ನನ್ನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟರು. ತಾವೂ ಅರ್ಧಕ್ಕೇ ಕೈ ತೊಳೆದರು. ಅವರಿಗೂ ಕೊರಳಲ್ಲಿ ಲಿಂಗ ಇದೆ, ಆದರೆ ಪಾಳಿಯ ಕೆಲಸದವರು, ಪೂಜೆ ಹಿಂದೆ ಮುಂದೆ ಆಗುತ್ತದೆ. ನನಗೆ ಹಾಗಲ್ಲ. ತಪ್ಪು ನಾನೇ ಮಾಡಿದ್ದು. ಕೂಸಿನ ಜೀವ ಕೇಳಲು ಬಂದವಳು ದೇವರನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹಿಂದೆ ಬಿಟ್ಟು ಬಂದೆ. ಇನ್ನು ಉಪವಾಸವನ್ನೂ ಮುರಿದರೆ ಯಾವ ಬಾಯಿಂದ ಬೇಡಿಕೊಳ್ಳಲಿ ಅನಿಸಿತು. ನೀರನ್ನೂ ಮುಟ್ಟಲಿಲ್ಲ.

ಮರುದಿನ ಮುಂಜಾನೆ ದವಾಖಾನೆಯಲ್ಲಿ ತೂಕ ಮಾಡಿದರು. ಮೂರು ಕೇಜಿ ಎಂಟುನೂರಾ ಇಪ್ಪತ್ತು.

"ಕಲಬುರಗಿದಾಗ ಒಂಬೈನೂರಿತ್ತಲ್ರಿ" ಎಂದೆ.

"ಒಂದು ತಕ್ಕಡಿಗೂ ಇನ್ನೊಂದಕ್ಕೂ ಸ್ವಲ್ಪ ಫರಕು ಇರುತ್ತೆ ಅಮ್ಮ. ಆದ್ರೆ ಇಷ್ಟು ತೂಕಕ್ಕೆ ಈಗಲೇ ಮಾಡೋದು ಕಷ್ಟ. ಎರಡು ವಾರ ನೋಡೋಣ. ಹಾಲು ಸರಿಯಾಗಿ ಬರ್ತಿದೆಯಾ?" ಎಂದು ಡಾಕ್ಟರು ಕೇಳಿದರು.

ಬರುತ್ತಿದೆ ಎಂದು ತಲೆ ಅಲ್ಲಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ತಲೆ ಅಲ್ಲಾಡಿಸಿದ್ದೂ ಸುಳ್ಳಾಯಿತು. ಕೂಸು ಎಳೆಯಿತು, ಏನೂ ಸಿಗಲಿಲ್ಲ, ಬಿಟ್ಟು ಅತ್ತಿತು. ಮತ್ತೆ ಎಳೆಯಿತು. ಅಳು ಎಂದರೆ ಜೋರು ಅಳುವಲ್ಲ, ಬೆಕ್ಕಿನ ಮರಿಯಂಥದ್ದು. ಎದೆ ಮಾತ್ರ ಕಮ್ಮಾರನ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಮನೆಯವರು ಅದನ್ನು ನೋಡಲಾಗದೆ ಹೊರಗೆ ಹೋಗಿ ವಾಡಿಗೆ ಫೋನು ಹಚ್ಚಿದರು. ಎಲ್ಲಾ ಹೇಳಿ, ಫೋನು ತಂದು ನನ್ನ ಕಿವಿಗೆ ಹಿಡಿದರು.

ಬೈಗುಳಕ್ಕೆ ತಯಾರಾಗಿದ್ದೆ. ಅತ್ತೆಯವರು ಲಿಂಗದ ಸುದ್ದಿಯನ್ನೇ ಎತ್ತಲಿಲ್ಲ.

"ಉಂಡಿಲ್ಲಂತ?"

"ಹ್ಯಾಂಗ ಉಣ್ಣಲ್ರಿ ಅತ್ತಿ..."

"ಬಾಯಿಲೆ ಉಣ್ಣು. ಶಿವಗ ಹಸಿವಿಲ್ಲ, ಕೂಸಿಗದ. ದೊಡ್ಡ ಶರಣಿ ಬಂದಾಳ! ಕೂಸಿನ ಹೊಟ್ಟಿಮ್ಯಾಲೆ ಉಪವಾಸ ಮಾಡ್ತಾಳ. ತಾಟು ಮುಂದಿಟ್ಕೊ. ಇಟ್ಕೊಂಡಿ? ತುತ್ತು ಮಾಡು. ನನಗ ಉಣ್ಣೂದು ಕೇಳಬೇಕು."

ಮೊಸರನ್ನವಿತ್ತು. ಫೋನು ಕಿವಿಗಿಟ್ಟುಕೊಂಡೇ ಉಂಡೆ. ನೀರು ಕುಡಿದು ಕುಡಿದು ತುತ್ತು ಇಳಿಸಿದೆ. "ಇನ್ನೊಂದು," "ಇನ್ನೊಂದು" ಅಂತ ಆ ಕಡೆಯಿಂದ ಅವರು ಅನ್ನುತ್ತಲೇ ಇದ್ದರು. ತಾಟು ಖಾಲಿಯಾದ ಮೇಲೆ, "ಬ್ಯಾಗು ಬಂದ ಮ್ಯಾಲೆ ನನಗ ಹೇಳು" ಎಂದು ಇಟ್ಟುಬಿಟ್ಟರು. ಸಂಜೆಗೆ ಹಾಲು ಬಂತು.

ಮೂರನೆಯ ದಿನ ಸಂಜೆ ಬ್ಯಾಗೂ ಬಂತು. ಬಟ್ಟೆಗಳ ನಡುವೆ ಡಬ್ಬಿ ಇಟ್ಟಂತೆಯೇ ಇತ್ತು. ಜಳಕ ಮಾಡಿ ಎರಡನ್ನೂ ಕೊರಳಿಗೆ ಹಾಕಿಕೊಂಡು, ಪೂಜೆ ಮಾಡಿ, ಅತ್ತೆಯವರಿಗೆ ಫೋನು ಮಾಡಿದೆ. ಎತ್ತಿದವಳು ಎದುರು ಮನೆಯ ಅಕ್ಕ. ತಡವಾಗಿ ಅತ್ತೆಯವರಿಗೆ ಕೊಟ್ಟಳು. ದನಿ ಸಣ್ಣಗಿತ್ತು, ಹಿಂದೆ ಯಾರೋ ನರಳುತ್ತಿದ್ದಂತೆ ಕೇಳಿಸಿತು.

"ಎಲ್ಲಿದೀರಿ ಅತ್ತಿ?"

"ಮನ್ಯಾಗೇ ಅದೀನಿ. ಟೀವಿ ಹಚ್ಚ್ಯಾರ. ಬಂತಾ?"

"ಬಂತ್ರಿ. ಎರಡೂ ಕೊರಳಾಗ ಅವ."

"ಹಾಂ," ಎಂದರು. ಆಮೇಲೆ "ಶಿವಾ," ಎಂದರು. ಅಷ್ಟೇ.

ಎರಡು ತಾಸಿಗೊಮ್ಮೆ ಹಾಲು, ದಿನಕ್ಕೊಮ್ಮೆ ತೂಕ. ಹದಿನಾರನೆಯ ದಿನ ನಾಲ್ಕು ಕೇಜಿ ಆಯಿತು. ಆಪರೇಷನ್ ಆಯಿತು. ಆ ದಿನಗಳನ್ನು ಬರೆಯುವ ಶಕ್ತಿ ನನಗಿಲ್ಲ. ಗಾಜಿನ ಆಚೆ ಕೂಸು, ಮೈತುಂಬ ನಳಿಗೆಗಳು. ಬದುಕಿತು. ಅಷ್ಟು ಸಾಕು. ವಾಪಸು ರೈಲಿನಲ್ಲಿ ಬಂದೆವು, ಈ ಸಲ ಮೂವರೂ ಕೂಡಿ.

ವಾಡಿ ಸ್ಟೇಷನ್ನಿಗೆ ಅತ್ತೆಯವರು ಬಂದಿರಲಿಲ್ಲ. ಕೂಸನ್ನು ಮೊದಲು ಎತ್ತಿಕೊಳ್ಳುವವರು ಅವರೇ ಅಂತ ನಾನು ಬಾಗಿಲಲ್ಲೇ ನಿಂತು ನೋಡುತ್ತಾ ಬಂದಿದ್ದೆ. ಎದುರು ಮನೆಯ ಅಕ್ಕ ಒಬ್ಬಳೇ ಇದ್ದಳು. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ದಾರಿಯಲ್ಲಿ ಅಕ್ಕ ಹೇಳಿದಳು.

ನನಗೆ ಉಣ್ಣು ಎಂದು ಫೋನು ಇಟ್ಟ ಗಳಿಗೆಯಿಂದ ಅತ್ತೆಯವರು ಊಟ ಬಿಟ್ಟಿದ್ದರು. ಕೂಸಿನ ಲಿಂಗ, ಸೊಸೆಯ ಲಿಂಗ ಅವರವರ ಕೊರಳು ಸೇರುವ ತನಕ ತುತ್ತು ಮುಟ್ಟುವುದಿಲ್ಲ, ಆ ಎರಡು ಪೂಜೆಯ ಉಪವಾಸ ತನ್ನದು ಎಂದರಂತೆ. ಊಟ ಬಿಟ್ಟರು, ಆದರೆ ಡಾಕ್ಟರು ಹೇಳಿದ್ದು ತಪ್ಪಿಸಬಾರದು ಅಂತ ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ನುಂಗಿದರು. ಮರುದಿನ ಮುಂಜಾನೆ ಮೈಯೊಳಗಿನ ಸಕ್ಕರೆ ತೀರಾ ಇಳಿದು, ಬಚ್ಚಲ ಮುಂದಿನ ಫರಸಿಯ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದರು. ಸೊಂಟದ ಎಲುಬು ಮುರಿಯಿತು. ನಾನು ಫೋನಿನಲ್ಲಿ ಕೇಳಿದ್ದು ಟೀವಿಯಲ್ಲ, ಶಹಾಬಾದಿನ ದವಾಖಾನೆಯ ವಾರ್ಡು.

ಮನೆಗೆ ಬಂದು ಕೂಸನ್ನು ಅವರ ಪಕ್ಕದಲ್ಲಿ ಮಲಗಿಸಿ, ಕಾಲು ಹಿಡಿದು ಅತ್ತುಬಿಟ್ಟೆ.

"ನನಗ ಉಣ್ಣು ಅಂದ್ರಿ, ನೀವ್ಯಾಕ ಬಿಟ್ರಿ ಅತ್ತಿ?"

"ನಿನಗ ಉಣ್ಣು ಅನ್ಲಿಕ್ಕೆ ನಾ ಇದ್ದೆ. ನನಗ ಅನ್ನಾವ್ರು ಯಾರಿದ್ರು?" ಎಂದರು. ಆಮೇಲೆ ಕೂಸಿನ ಎದೆಯ ಹೊಲಿಗೆಯನ್ನು ನೋಡುತ್ತಾ, "ಅವತ್ತು ಬಾಗಲದಾಗೇ ನಿನ್ನ ಬರೇ ಕೊರಳು ನೋಡೀನಿ. ಹೊಂಟಾಕಿನ್ನ ತಡದು ಬೈಯೋದು ಬ್ಯಾಡ ಅಂತ ಸುಮ್ಮನಾದೆ. ಬೈದಿದ್ರೇ ಛಲೋ ಇತ್ತೇನೋ" ಎಂದರು.

ಅವತ್ತು ಅವರು ಬೈದಿದ್ದರೆ, ಹಿಂದಿನ ದಿನ ನಾನೇ ಒಂದು ಮಾತು ಕೇಳಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಶಿವನಿಗೇ ಗೊತ್ತು. ಕೂಸಿಗೆ ಈಗ ಮೂರು ವರ್ಷ. ಓಡುತ್ತದೆ, ಅತ್ತರೆ ಓಣಿಗೆಲ್ಲ ಕೇಳಿಸುತ್ತದೆ. ಅತ್ತೆಯವರು ಮಾತ್ರ ಆವತ್ತಿನಿಂದ ಹೊರಸು ಬಿಟ್ಟು ಎದ್ದಿಲ್ಲ. ಎಲುಬು ಕೂಡಲಿಲ್ಲ, ಆ ಸಕ್ಕರೆಯ ಮೈ ಆಪರೇಷನ್ ತಡೆಯದು ಎಂದು ಡಾಕ್ಟರು ಹೇಳಿದರು. ಬುದ್ಧಿ ನೆಟ್ಟಗಿದೆ, ಕಣ್ಣು ಕಾಣುತ್ತವೆ, ನನ್ನನ್ನು "ವಿಮಾನದಾಕಿ" ಅಂತ ಹಂಗಿಸುವ ದನಿ ಇನ್ನೂ ಗಟ್ಟಿಯಿದೆ. ಇವನ್ನೆಲ್ಲ ನಾನು ಉಪಕಾರ ಅಂತಲೇ ಎಣಿಸುತ್ತೇನೆ. ಎಣಿಸಿದಷ್ಟೂ ಒಂದು ಕಡಿಮೆಯೇ ಬೀಳುತ್ತದೆ.

ದಿನಾ ಮುಂಜಾನೆ ನನ್ನ ಪೂಜೆಗೆ ಮೊದಲು ಅವರದು. ದಿಂಬು ಕೊಟ್ಟು ಒರಗಿಸಿ, ಮೈ ಒರೆಸಿ, ಎಡ ಅಂಗೈ ಮೇಲೆ ಲಿಂಗ ಇಡುತ್ತೇನೆ. ಕೈ ನಡುಗುತ್ತದೆ, ಅದಕ್ಕೆ ಕೆಳಗೆ ನನ್ನ ಕೈ ಆಸರೆ ಕೊಡುತ್ತೇನೆ. ಮುಗಿದ ಮೇಲೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ತಂದು, "ಉಣ್ರಿ ಅತ್ತಿ" ಎನ್ನುತ್ತೇನೆ.

ಅವರು ಬಾಯಿ ತೆರೆಯುವುದಿಲ್ಲ. "ಮೊದಲ ಆಕಿಗಿ ಕೊಡು" ಎಂದು ಕೂಸಿನ ಕಡೆ ಗದ್ದ ತಿರುಗಿಸುತ್ತಾರೆ.

"ಆಕಿದು ಆಗ್ಯದ್ರಿ. ನೀವು ಉಣ್ರಿ."

ತುತ್ತು ಬಾಯಿಯ ಹತ್ತಿರ ಹಿಡಿದುಕೊಂಡು ಕೂತಿರುತ್ತೇನೆ, ಅವರು ತೆರೆಯುವ ತನಕ.